ನೇರವಾಗಿ ಸುರಿದ ಜೋಳ

ನನ್ನ ಮೊಮ್ಮಗಳು ಕಾಲೇಜಿನಲ್ಲಿ ನಕ್ಷತ್ರಗಳ ಪಾಠ ಓದುತ್ತಾಳೆ. ಮೂರನೇ ಕ್ಲಾಸಿಗೇ ಸಾಲಿ ಬಿಟ್ಟ ನನಗೆ ಇದನ್ನು ಯಾರಿಗೆ ಹೇಳುವಾಗಲೂ ಎದೆ ಉಕ್ಕಿ ಬರುತ್ತದೆ. ಈ ವರ್ಷ ಕೊಟ್ಟೂರಿನ ವಿಜ್ಞಾನ ಪ್ರದರ್ಶನಕ್ಕೆ ಅವಳೊಂದು ಪ್ರಯೋಗ ಮಾಡಿದಳು. ಗೆದ್ದವರು ರಾಜ್ಯಮಟ್ಟಕ್ಕೆ ಹೋಗುತ್ತಾರೆ. ಅದಕ್ಕಾಗಿ ಹುಡುಗಿ ಊಟ ನಿದ್ದೆ ಬಿಟ್ಟಿದ್ದಳು.

"ಅಜ್ಜೀ, ಜೋಡಿ ನಕ್ಷತ್ರ ಅಂತ ಇರ್ತಾವು. ಅದ್ರಾಗ ಒಂದು ಸತ್ತು ಕುಗ್ಗಿ, ನಮ್ಮೂರು ಉಜ್ಜಿನಿಯಿಂದ ಕೊಟ್ಟೂರಿಗೆ ಎಷ್ಟು ದೂರೈತೋ ಅಷ್ಟ ಅಗಲ ಆಗಿರ್ತೈತಿ. ತೂಕ ಮಾತ್ರ ಸೂರ್ಯಗಿಂತ ಜಾಸ್ತಿ. ನ್ಯೂಟ್ರಾನ್ ನಕ್ಷತ್ರ ಅಂತಾರ. ಪಕ್ಕದ ನಕ್ಷತ್ರದ ಸರಕು ಎಳಕೊಂಡು ತಿಂತೈತಿ."

"ಗಂಡನ ತಾಟಿಗೆ ಕೈ ಹಾಕಿದಂಗ."

"ಹೂಂ ನೋಡು. ಆ ಸರಕು ಸುತ್ತಿ ಸುತ್ತಿ ಓರಿಯಾಗಿ ಬಂದು ಬೀಳ್ತೈತಿ. ಅದಕ್ಕ ಇದು ಇನ್ನೂ ಜೋರು ತಿರಗತೈತಿ."

ಇದನ್ನು ತೋರಿಸಲು ಅಡ್ಡ ಮಲಗಿಸಿದ ಸೈಕಲ್ ಗಾಲಿಯ ಮೇಲೆ ಹಿಟ್ಟು ನಾದುವ ಅಗಲದ ಪರಾತ ಕೂರಿಸಿದ್ದಳು. ತಗಡಿನ ಕೊಳವೆಯಿಂದ ಅದರ ಅಂಚಿಗೆ, ತಿರುಗುವ ದಿಕ್ಕಿನಲ್ಲೇ ಓರೆಯಾಗಿ ಜೋಳ ಬಿಟ್ಟರೆ ಪರಾತ ವೇಗ ಹಿಡಿಯುತ್ತಿತ್ತು. ಜೋಳ ಬಿಡುವ ಕೆಲಸ ನನ್ನದು. ಮನೆಯಲ್ಲಿ ಒಮ್ಮೆಯೂ ತಪ್ಪಲಿಲ್ಲ.

ಪ್ರದರ್ಶನದ ದಿನ ಇಬ್ಬರು ಪರೀಕ್ಷಕರು ನಮ್ಮ ಮೇಜಿನ ಮುಂದೆ ನಿಂತರು. ಮೊಮ್ಮಗಳು ನನ್ನ ಹೆಗಲು ಹಿಡಿದು, "ಇವರು ನಮ್ಮಜ್ಜಿ ಸರ್, ಈ ಪ್ರಯೋಗ ನಮ್ಮಿಬ್ಬರದೂ" ಎಂದಳು. ಇಬ್ಬರದೂ ಅಂತೆ! ಹಿಗ್ಗಿನಲ್ಲಿ ನನಗೆ ಎಚ್ಚರವೇ ಉಳಿಯಲಿಲ್ಲ. ಕೊಳವೆ ಪಕ್ಕಕ್ಕಿಟ್ಟೆ, ತಲೆ ಮೇಲೆ ಸೆರಗು ಹೊದ್ದೆ, ಬೊಗಸೆ ತುಂಬ ಜೋಳ ಎತ್ತಿ ಮದುಮಗಳಿಗೆ ಉಡಿ ತುಂಬಿದ ಹಾಗೆ ತಿರುಗುವ ಪರಾತದೊಳಕ್ಕೆ ನೇರವಾಗಿ ಸುರಿದೆ. ಮತ್ತೆ ಸುರಿದೆ. ಮತ್ತೂ ಸುರಿದೆ. ಭಾರಕ್ಕೆ ಪರಾತ ನಿಧಾನವಾಗಿ, ಓಲಾಡಿ, ನಿಂತೇ ಹೋಯಿತು.

"ನಕ್ಷತ್ರಾನ ನಿಂದ್ರಿಸಿಬಿಟ್ಳಲ್ಲಪ್ಪೋ ಅಜ್ಜಿ!" ಹಿಂದಿನಿಂದ ಯಾರೋ ನಕ್ಕರು.

ಮೊಮ್ಮಗಳು ತಡವರಿಸಲಿಲ್ಲ. "ಸುತ್ತು ಇಲ್ಲದ ಸರಕು ನೇರ ಬಿದ್ದರೆ ಹೀಗೇ ಸರ್, ವೇಗ ಕಡಿಮೆಯಾಗುತ್ತೆ" ಎಂದಳು. ಪರೀಕ್ಷಕರು ತಲೆಯಾಡಿಸಿದರು. ನಾನಾದರೂ ಸುಮ್ಮನಿರಬೇಕಿತ್ತು.

"ತಪ್ಪು ನಂದ್ರೀ ಯಪ್ಪಾ, ಕೂಸಿಗೆ ಅಂಕ ಕಡಿಮಿ ಮಾಡಬ್ಯಾಡ್ರಿ!" ಎಂದು ಕೈ ಮುಗಿದೆ.

ಅವಳು ಮುಚ್ಚಿದ್ದನ್ನು ನಾನೇ ಬಯಲಿಗೆಳೆದಿದ್ದೆ. ಅವಳ ಮುಖ ಕೆಂಪಾಯಿತು. ಪರೀಕ್ಷಕರು ಮುಂದಿನ ಮೇಜಿಗೆ ಹೋದರು. ಸಂಜೆ ಬೇರೆಯವರ ಹೆಸರು ಕೂಗಿದರು.

ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕುಳಿತೆ.

"ಯಾಕಲೇ ಮುದುಕಿ, ಮಾತಾಡವಲ್ಲಿ?" ಮೊಮ್ಮಗಳು ಕೇಳಿದಳು.

"ಯಾವ ಮುಖ ಇಟ್ಕಂಡು ಮಾತಾಡ್ಲೆವ್ವಾ?"

"ಇರ್ಲಿ ಬಿಡು. ಮುಂದಿನ ವರ್ಷ ಮತ್ತ ಹೋಗಾಣು. ಜೋಳ ನೀನ ಬಿಡು."

"ಬ್ಯಾಡ, ಬ್ಯಾರೆ ಯಾರಿಗಾರ ಹೇಳು" ಎಂದೆ.

ಅವಳು ಒತ್ತಾಯ ಮಾಡಲಿಲ್ಲ. ಇನ್ನೊಮ್ಮೆ ಕೇಳಲಿ ಎಂದು ನಾನು ಕಾಯುತ್ತಿದ್ದೆ. ಹಾಗೆ ಕಾಯುತ್ತಿದ್ದುದಕ್ಕೂ ನಾಚಿಕೆಯಾಯಿತು.