ವೇಳೆ ಇಲ್ಲ

ಎಕನಾಮಿಕ್ಸ್ ಎಂ.ಎ. ಮಾಡಿದ ನನಗೆ ಚೆನ್ನೈನಲ್ಲಿ ಸಿಕ್ಕಿದ್ದು ನಿರುದ್ಯೋಗಿಗಳ ಸಮೀಕ್ಷೆ ಮಾಡುವ ಗುತ್ತಿಗೆ ಕೆಲಸ. ನನ್ನ ತಮಿಳು ಅಷ್ಟಕ್ಕಷ್ಟೆ. ಪಲ್ಲಾವರಂನಲ್ಲಿ ಬಾಗಿಲು ತೆರೆದ ಯುವಕನೊಬ್ಬ ನನ್ನ ಪ್ರಶ್ನೆಗೆ, "ವೇಲೆ ಇಲ್ಲೆ," ಅಂದ. ವೇಳೆ ಇಲ್ಲ ಅನ್ನುತ್ತಿದ್ದಾನೆ ಅಂದುಕೊಂಡೆ. ಬಿಡುವಾದಾಗ ಬರುತ್ತೇನೆಂದು ಮುರುಕು ತಮಿಳಿನಲ್ಲಿ ಹೇಳಿ ಹೊರಟೆ.

ಅವನು ಗೇಟಿನವರೆಗೂ ಹಿಂದೆಯೇ ಬಂದು ಇಂಗ್ಲಿಷಿನಲ್ಲಿ ಹೇಳಿದ: "ಬಿಡುವೇ ಸಾರ್ ನನಗಿರೋದು. ಕೆಲಸ ಇಲ್ಲ ಅಂದೆ. ನಾನೂ ಎಕನಾಮಿಕ್ಸ್ ಓದಿದವನೇ. ನಿಮ್ಮಲ್ಲೇನಾದರೂ ಇದೆಯಾ?"

ವೇಲೆ ಅಂದರೆ ತಮಿಳಿನಲ್ಲಿ ಕೆಲಸ. ಬೆಳಗಿನಿಂದ ಆ ಮಾತು ಕೇಳಿ ಎಷ್ಟು ಬಾಗಿಲಿಂದ ವಾಪಸಾಗಿದ್ದೆನೋ.

ಸಮೀಕ್ಷೆ ಮುಗಿಯಿತು, ಗುತ್ತಿಗೆಯೂ ಮುಗಿಯಿತು. ಮನೆಯಲ್ಲೇ ಕೂತಿದ್ದವನನ್ನು ನೋಡಿ ಓನರಮ್ಮ, "ಏನು ತಂಬಿ, ಆಫೀಸಿಲ್ಲವಾ?" ಅಂದರು.

"ವೇಲೆ ಇಲ್ಲೆ," ಅಂದೆ.

"ಪರವಾಗಿಲ್ಲ, ತಮಿಳು ಚೆನ್ನಾಗಿ ಬಂದಿದೆ," ಅಂದರು.