ರುಬ್ಬುಗುಂಡಿನ ವಿಮಾನ

ಮೊಮ್ಮಗಳು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕುರ್ಚಿ ಬಿಟ್ಟು ಎದ್ದೆ. ಇಷ್ಟು ವರ್ಷಗಳಾದರೂ ನನಗೆ ಅದು ಉಗುರಿನ ಬಣ್ಣದ ವಾಸನೆಯಲ್ಲ. ವಿಮಾನದ ಬಟ್ಟೆಯ ರೆಕ್ಕೆ ಬಿಗಿಯಾಗಲೆಂದು ಬಳಿಯುವ ಬಣ್ಣದ ವಾಸನೆ. ಶ್ರೀನಿವಾಸಪುರದ ಒಂದು ಹಿತ್ತಿಲಿನದು...

ಎಂಬತ್ತರ ದಶಕದಲ್ಲಿ ಅಲ್ಲಿನ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಹೋದಾಗ, ಮಂಡ್ಯದ ಕಡೆಯವನಾದ ನನಗೆ ತೆಲುಗು ಒಂದಕ್ಷರವೂ ಬರುತ್ತಿರಲಿಲ್ಲ. ನಾನು ಬಾಡಿಗೆಗಿದ್ದ ಮನೆಯ ಯಜಮಾನರು ಆಂಧ್ರದ ಗಡಿಗಂಟಿದ ರಾಯಲ್ಪಾಡಿನವರು. ನಾನು ಅಮ್ಮ ಎಂದು ಕರೆಯುತ್ತಿದ್ದ ಅವರ ಹೆಂಡತಿಯೊಡನೆ ತೆಲುಗು, ನನ್ನೊಡನೆ ಕನ್ನಡ. ಹರೆಯದಲ್ಲಿ ಏರ್‌ಫೋರ್ಸಿನ ಹಳೆಯ ಜೋಡಿರೆಕ್ಕೆ ವಿಮಾನಗಳಿಗೆ ಬಟ್ಟೆ ಹೊಲಿಯುತ್ತಿದ್ದವರು, ಈಗ ಮಾವಿನಕಾಯಿ ಲಾರಿಗಳ ಟಾರ್ಪಾಲು ಹೊಲಿಯುತ್ತಿದ್ದರು. ಹೊಲಿಗೆ ಅದೇ, ದಬ್ಬಳ ಮಾತ್ರ ದಪ್ಪ ಎನ್ನುತ್ತಿದ್ದರು.

"ಈಗಿನ ಜೆಟ್ಟಿಗೆ ತಿರುಗೋಕೆ ಒಂದು ತಾಲ್ಲೂಕು ಬೇಕು ಮೇಷ್ಟ್ರೇ. ನಮ್ಮವಕ್ಕೆ ರಾಗಿ ಕಣ ಸಾಕಾಗಿತ್ತು."

ಆ ಚುರುಕೇ ಅವುಗಳ ಕುತ್ತೂ ಆಗಿತ್ತಂತೆ. ಸಣ್ಣ ಸುತ್ತಿನಲ್ಲಿ ತಿರುಗಿಸಿದಷ್ಟೂ ವೇಗ ಕರಗುತ್ತದೆ. ವೇಗ ಕರಗಿದರೆ ರೆಕ್ಕೆಗೆ ಗಾಳಿಯ ಆಸರೆ ತಪ್ಪಿ ಮೂಗು ಕೆಳಗೆ ಬೀಳುತ್ತದೆ. ಆಗ ಗಾಬರಿಯಲ್ಲಿ ಕಾಲಿನ ಪೆಡಲು ಒದ್ದರೆ, ವಿಮಾನ ಬುಗುರಿಯಂತೆ ಸುತ್ತುತ್ತ ನೆಲ ಸೇರುತ್ತದೆ. ಹಾಗೆ ಹೋದ ಒಬ್ಬ ಪೈಲಟ್ಟನ ವಿಮಾನದ ರೆಕ್ಕೆಗೆ ತಾವೇ ಬಟ್ಟೆ ಹೊಲಿದದ್ದು ಎಂದು ಒಮ್ಮೆ ಹೇಳಿದ್ದರು...

ಬೆಂಗಳೂರಿನ ವಸ್ತುಪ್ರದರ್ಶನದಲ್ಲಿ ನಾಣ್ಯ ಹಾಕಿ ಆಡುವ ವಿಮಾನದ ಆಟ ನೋಡಿ ಬಂದ ದಿನ ಅವರು ಕುದಿಯುತ್ತಿದ್ದರು. "ಅದು ವಿಮಾನಾನಾ? ನೊಣ. ಹೆಂಗೆ ತಿರುಗಿಸಿದ್ರೂ ಬೀಳಲ್ಲ. ಮಕ್ಕಳಿಗೆ ಸುಳ್ಳು ಕಲಿಸ್ತಾರೆ."

ಬೀಳುವ ಆಟ ನಾವೇ ಮಾಡೋಣ ಎಂದವನು ನಾನು. ಶಾಲೆಯ ಮಕ್ಕಳನ್ನೆಲ್ಲ ಕರೆತಂದು ತೋರಿಸುವ ಆಸೆ ನನ್ನದು. ಹಿತ್ತಿಲಿನ ಮೋಟು ಕಲ್ಲುಕಂಬದ ಮೇಲೆ ಹಳೆಯ ಜೀಪಿನ ಗಾಲಿಯೊಂದನ್ನು ಮಲಗಿಸಿ ಕೂರಿಸಿದರು. ಅದರ ಮೇಲೆ ಹಲಗೆ, ಸೀಟು, ಬಟ್ಟೆ ಬಿಗಿದು ಬಣ್ಣ ಬಳಿದ ಬಿದಿರಿನ ರೆಕ್ಕೆ. ಗಾಲಿಗೆ ಸುತ್ತಿದ ಹಗ್ಗ ಮಾವಿನ ಕೊಂಬೆಯ ರಾಟೆ ದಾಟಿ ಹೋಗಿ, ಅದರ ತುದಿಗೆ ಅಮ್ಮನವರ ಹಳೆಯ ರುಬ್ಬುಗುಂಡು ತೂಗುತ್ತಿತ್ತು. ಸೀಟಿನ ಮುಂದೆ ನೆಟ್ಟ ಕೈಯ ಕೋಲನ್ನು ಅತಿಯಾಗಿ ಎಳೆದರೆ ಮೂಗು ದಡಕ್ಕನೆ ಕುಸಿಯುತ್ತಿತ್ತು. ಆಮೇಲೆ ಪೆಡಲು ಒದ್ದರೆ ಬೀಗ ಕಳಚಿ, ಗುಂಡು ಕೆಳಗಿಳಿದು, ಸೀಟು ಗರಗರನೆ ಮೂರು ಸುತ್ತು ಸುತ್ತಬೇಕು.

"ನಮ್ಮ ಗುಂಡೂ ಹಾರಿಸ್ತೀರಾ, ಇನ್ನ ದೋಸೆಗೆ ನಾನೇನ್ ಮಾಡ್ಲಿ?" ಎಂದು ಅಮ್ಮ ನಕ್ಕಿದ್ದರು.

ಮಕ್ಕಳು ಬರುವ ಹಿಂದಿನ ದಿನ ಕೊನೆಯ ಪರೀಕ್ಷೆ. ಸೀಟಿನಲ್ಲಿ ನಾನಿದ್ದೆ, ಹೇಳಿಕೊಡುತ್ತಿದ್ದವರು ಯಜಮಾನರು. "ಕೋಲು ಎಳೀರಿ... ಇನ್ನೂ ಎಳೀರಿ..." ಮೂಗು ಕುಸಿಯಿತು. ಇನ್ನು "ಒದೀರಿ" ಎನ್ನುವ ಮಾತೊಂದೇ ಬಾಕಿ. ಅಷ್ಟರಲ್ಲಿ ಹಗ್ಗ ಗಾಲಿಯ ಅಂಚಿನಿಂದ ಜಾರಿದ್ದು ಅವರ ಕಣ್ಣಿಗೆ ಬಿತ್ತು. ನನ್ನ ಬೆನ್ನ ಹಿಂದೆ ಬಗ್ಗಿ, ಅದನ್ನು ಸರಿಪಡಿಸಲು ಕೈ ಹಾಕಿದರು. ನಾನದನ್ನು ನೋಡಲಿಲ್ಲ. ನನ್ನ ಕಾಲು ಪೆಡಲಿನ ಮೇಲೆ ಅಲುಗಿದ್ದನ್ನು ಅವರು ನೋಡಿದರು.

"ಒದ್ದು! ಒದ್ದು!"

ಒದ್ದೆ.

ಮೂರು ಸುತ್ತು ಸುತ್ತಬೇಕಿದ್ದ ಸೀಟು ಅರ್ಧ ಸುತ್ತಿಗೇ ನಿಂತಿತು. ಏಕೆ ನಿಂತಿತೆಂದು ಒಂದು ಗಳಿಗೆ ನನಗೆ ತಿಳಿಯಲಿಲ್ಲ. ಹಗ್ಗಕ್ಕೂ ಗಾಲಿಗೂ ನಡುವೆ ಅವರ ಬಲಗೈ ಇತ್ತು...

ಕೋಲಾರದ ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಕೇಳಿದವರಿಗೆಲ್ಲ ನಾನು ಒಂದೇ ಮಾತು ಹೇಳಿದೆ: ಒದಿ ಅಂತ ಅವರೇ ಕೂಗಿದರು. ಹೆಡ್‌ಮಾಸ್ಟರಿಗೆ ಹೇಳಿದೆ, ಅವರ ಅಣ್ಣತಮ್ಮಂದಿರಿಗೆ ಹೇಳಿದೆ. ಪಕ್ಕದಲ್ಲೇ ಮಲಗಿದ್ದ ಅವರು ಕೇಳಿಸಿಕೊಂಡು, "ಹೂಂ, ತಪ್ಪು ನಂದೇ" ಎಂದರು. ಊರಿನವರು ಆಡಿಕೊಂಡರು: "ಆಕಾಶದಾಗಿನ ವಿಮಾನ ಏನೂ ಮಾಡ್ಲಿಲ್ಲ, ಹಿತ್ತಿಲ ವಿಮಾನ ಕೈ ತಿಂತು ನೋಡು." ಟಾರ್ಪಾಲಿನ ಲಾರಿಗಳು ಆ ಬೀದಿಗೆ ಬರುವುದು ನಿಂತಿತು. ದಬ್ಬಳ ಹಿಡಿಯಲು ಹೆಬ್ಬೆರಳಿಗೆ ಜೊತೆ ಇರಲಿಲ್ಲ.

ಮರುವರ್ಷ ಮಾಲೂರಿಗೆ ವರ್ಗ ಮಾಡಿಸಿಕೊಂಡೆ. ಸಾಮಾನು ಹೇರುವಾಗ ಅಮ್ಮ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದರು: "ಒಂದು ಮಾತು ಮೇಷ್ಟ್ರೇ. ಅವತ್ತು ಆಯಪ್ಪ ಒದಿ ಅನ್ಲಿಲ್ಲ. ಒದ್ದು ಅಂದ್ರು. ನಮ್ಮ ತೆಲುಗಲ್ಲಿ ಬೇಡ ಅಂತ. ನಿಮಗೆ ಹೇಳ್ಬೇಡ ಅಂದಿದ್ರು, ನನ್ನ ಕೈಲಿ ತಡೆಯಕ್ಕಾಗ್ಲಿಲ್ಲ."

ನನಗೆ ಒಮ್ಮೆಯೂ ಏಕವಚನ ಹಾಕಿದವರಲ್ಲ ಅವರು. ಒದಿಯಬೇಕಿದ್ದರೆ "ಒದೀರಿ" ಎನ್ನುತ್ತಿದ್ದರು. ಅಷ್ಟು ಸಾಕಿತ್ತು, ನಾನು ತಡೆಯಲು. ಒಳಗೆ ಹೋಗಿ ಕಾಲು ಹಿಡಿಯಬೇಕಿತ್ತು. ಲಾರಿ ಹಾರನ್ ಹೊಡೆಯಿತು, ಹತ್ತಿದೆ. ಮತ್ತೆ ಆ ಊರಿಗೆ ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿ ಎರಡು ವರ್ಷ ತಡವಾಗಿ ಬಂತು...

ಮೊಮ್ಮಗಳು ಈಗ ಕಂಪ್ಯೂಟರಿನ ಮುಂದೆ ಕೂತು, ಬಣ್ಣ ತಾಗದಂತೆ ಬೆರಳ ತುದಿ ಎತ್ತಿಕೊಂಡು ವಿಮಾನ ಹಾರಿಸುತ್ತಿದ್ದಾಳೆ. ಈಗಿನ ಆಟಗಳು ಸುಳ್ಳು ಹೇಳುವುದಿಲ್ಲ. ಅವಳು ಬಿಗಿಯಾಗಿ ತಿರುಗಿಸಿದಳು, ವೇಗ ಕರಗಿತು, ಮೂಗು ಕುಸಿಯಿತು.

"ತಾತಾ, ಬೀಳ್ತಿದೆ, ಏನ್ ಮಾಡ್ಲಿ?"

"ಬೇಡ," ಎಂದೆ. "ಬೇಡ, ಬೇಡ."

"ಏನು ಬೇಡ?"

ಹೇಳುವಷ್ಟರಲ್ಲಿ ವಿಮಾನ ಸುತ್ತಿ ಸುತ್ತಿ ನೆಲಕ್ಕೆ ಬಡಿಯಿತು. ಅವಳು ನಕ್ಕು ಒಂದು ಗುಂಡಿ ಒತ್ತಿದಳು. ವಿಮಾನ ಮತ್ತೆ ಆಕಾಶದಲ್ಲಿತ್ತು, ಏನೂ ಆಗದಂತೆ. ಅವಳ ಹತ್ತೂ ಬೆರಳುಗಳ ಬಣ್ಣ ಇನ್ನೂ ಆರಿರಲಿಲ್ಲ.