ಒಂಬತ್ತರಿಂದ ಹತ್ತು, ಕರೆಂಟ್ ಇಲ್ಲ

ಶುಗರ್ ಮಾತ್ರೆಯ ಸ್ಟ್ರಿಪ್ ಒಡೆದರೆ ಒಂಥರಾ ಒಣಮೀನಿನ ವಾಸನೆ. ಮೊನ್ನೆ ನನಗೂ ಶುರುವಾಯಿತು, ಮೆಟ್‌ಫಾರ್ಮಿನ್. ಮೊದಲ ಮಾತ್ರೆ ಕೈಗೆ ಬಂದಾಗಲೇ ಆ ವಾಸನೆ ಗುರುತು ಸಿಕ್ಕಿತು... ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಡಾಕ್ಟ್ರಮ್ಮನ ಬಿಳಿ ಕೋಟಿನಿಂದ ಬರುತ್ತಿದ್ದದ್ದು ಅದೇ.

ಆಗ ನಾನು ದಾವಣಗೆರೆಯ ವಿನೋಬನಗರದಲ್ಲಿ, ಮನೆಯ ಮುಂದಿನ ರೂಮಿನಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಥೀಸಿಸ್ ಟೈಪ್ ಮಾಡಿಕೊಡುತ್ತಿದ್ದೆ. ಕಾನ್ವೆಂಟಿನ ಸಿಸ್ಟರ್‌ಗಳು ಬೆರಳಿಗೆ ಹೊಡೆದು ಕಲಿಸಿದ ಸ್ಪೆಲ್ಲಿಂಗೇ ನನ್ನ ಬಂಡವಾಳ. ಥೀಸಿಸ್ ಟೈಪ್ ಮಾಡಿಸಲು ಬಂದ ಆ ಡಾಕ್ಟ್ರಮ್ಮ ಮೆಡಿಕಲ್ ಕಾಲೇಜಿನಲ್ಲಿ ಎಂ.ಡಿ. ಓದುತ್ತಿದ್ದರು; ಹರಿಹರದಿಂದ ದಿನಾ ಬಸ್ಸಿಗೆ ಬರೋರು.

ಸಬ್ಜೆಕ್ಟ್ ಏನೆಂದು ಕೇಳಿದರೆ ನನ್ನ ಮಂಡಕ್ಕಿ ತಟ್ಟೆ ತೋರಿಸಿದರು. "ಮಂಡಕ್ಕಿ ಒಗ್ಗರಣೆ ಎಳಕೊಂಡಂಗೆ ನಮ್ಮ ಮಸಲ್ಲು ರಕ್ತದಾಗಿನ ಸಕ್ಕರೆ ಎಳಕೊಬೇಕು ಅಕ್ಕಾರೆ. ಶುಗರ್ ಇದ್ದೋರಿಗೆ ಅದು ಸರಿಯಾಗಿ ಆಗಲ್ಲ. ಮೆಟ್‌ಫಾರ್ಮಿನ್ ಅಂತ ಈ ಔಷಧಿ ಹಾಕಿದ್ರೆ ಎಷ್ಟು ಜಾಸ್ತಿ ಎಳಕೊಳ್ತೈತೆ, ಅದನ್ನ ನೋಡ್ತೀನಿ."

ಇಲಿಯ ಸ್ನಾಯುವಿನ ತುಂಡನ್ನು ಸಕ್ಕರೆ ನೀರಿನಲ್ಲಿಟ್ಟು, ಬೆಚ್ಚಗೆ ಅಲುಗಾಡಿಸುವ ವಾಟರ್ ಬಾತ್‌ನಲ್ಲಿ ಒಂದು ಗಂಟೆ ಬಿಡುವುದು. ಆಮೇಲೆ ನೀರಿನಲ್ಲಿ ಉಳಿದ ಸಕ್ಕರೆ ಅಳೆಯುವುದು. ಔಷಧಿ ಇಲ್ಲದ ತುಂಡು ದಿನಾ ಬೆಳಿಗ್ಗೆ ಒಂಬತ್ತಕ್ಕೆ, ಔಷಧಿ ಹಾಕಿದ್ದು ಹನ್ನೊಂದಕ್ಕೆ. ಇವೆರಡರ ವ್ಯತ್ಯಾಸವೇ ಥೀಸಿಸ್. ಬ್ಯೂಟಿಫುಲ್ ಆಗಿ ಬಂದಿತ್ತು.

ಸೋಮವಾರ ಸಬ್ಮಿಷನ್. ತಪ್ಪಿದರೆ ಪರೀಕ್ಷೆ ಆರು ತಿಂಗಳು ಮುಂದಕ್ಕೆ. ಗುರುವಾರ ಅವರ ನೋಟ್‌ಬುಕ್ ನೋಡಿ ಟೈಪ್ ಮಾಡುತ್ತಿದ್ದವಳ ಬೆರಳು ನಿಂತಿತು. ಆ ಪ್ರಯೋಗ ಮಾಡಿದ ತಿಂಗಳು ಪೂರ್ತಿ ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ಲೋಡ್ ಶೆಡ್ಡಿಂಗ್. ಸೇವ್ ಮಾಡದ ಪೇಜುಗಳನ್ನು ಕಳೆದುಕೊಂಡೂ ಕಳೆದುಕೊಂಡೂ ನನಗದು ಬಾಯಿಪಾಠ. ಕಾಲೇಜಿಗೂ ನಮ್ಮದೇ ಲೈನು.

ಹೇಳಬೇಕು ಅಂದುಕೊಂಡೆ... ಹೇಳಲಿಲ್ಲ. ಸಂಜೆ ಬಂದ ಆ ಹುಡುಗಿಯ ದಣಿದ ಮುಖ ನೋಡಿ ಬಾಯಿ ಬರಲಿಲ್ಲ. ಮಾರನೇ ದಿನ ಸಂಜೆ ಕೇಳಿದೆ: "ಡಾಕ್ಟ್ರೇ, ಒಂಬತ್ತಕ್ಕೆ ನಿಮ್ಮ ಲ್ಯಾಬಿನಾಗೆ ಕರೆಂಟ್ ಇರ್ತಿತ್ತೇನ್ರೀ?"

ಅವರು ನೋಟ್‌ಬುಕ್ ಎಳೆದುಕೊಂಡು ಬರೆದ ಟೈಮುಗಳ ಮೇಲೆ ಬೆರಳಾಡಿಸಿದರು. "ಬಾತ್‌ನಾಗೆ ಇಟ್ಟು ಕ್ಲಾಸಿಗೆ ಹೋಗ್ತಿದ್ದೆ. ಅಲ್ಲಿ ಫ್ಯಾನ್ ನಿಂತಾಗ ಹುಡುಗ್ರ ಜೊತೆ ನಾನೂ ಕರೆಂಟಿನೋರಿಗೆ ಬೈದೀನಿ. ಲ್ಯಾಬಿನಾಗೆ ಬಾತೂ ನಿಂತಿರ್ತೈತೆ ಅಂತ ತಲೆಗೇ ಹೊಳೀಲಿಲ್ಲ ನೋಡ್ರಿ!" ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ತಣ್ಣಗಾದ ಸ್ನಾಯು ಸಕ್ಕರೆ ಎಳೆದುಕೊಂಡಿರಲಿಲ್ಲ. ಹನ್ನೊಂದಕ್ಕೆ ಕರೆಂಟ್ ಇರುತ್ತಿತ್ತು; ಅದಕ್ಕೇ ಔಷಧಿ ಅಷ್ಟು ದೊಡ್ಡ ಹೀರೋ ಆಗಿತ್ತು.

"ಯಾರಿಗೆ ಗೊತ್ತಾಗ್ತೈತೆ, ಬಿಡ್ರಿ," ಅಂದೆ. ಹೌದು, ನಾನೇ ಅಂದೆ.

"ಆ ಇಲಿಗಳು ಸುಳ್ಳಿಗೆ ಸತ್ತಂಗೆ ಆಗೋದು ಬ್ಯಾಡ ಅಕ್ಕಾರೆ."

ಪರೀಕ್ಷೆ ಆರು ತಿಂಗಳು ಮುಂದಕ್ಕೆ ಹೋದರೂ ಎಲ್ಲ ಮೊದಲಿಂದ ಮಾಡಿದರು. ಎರಡೂ ತುಂಡು ಅಕ್ಕಪಕ್ಕ, ಒಂದೇ ಹೊತ್ತಿಗೆ. ತಾವು ಸ್ಟೂಲ್ ಹಾಕಿಕೊಂಡು ಅಲ್ಲೇ. ಈ ಸಲದ ವ್ಯತ್ಯಾಸ ಚಿಕ್ಕದು. ಇನ್ಸುಲಿನ್ನೂ ಜೊತೆಗಿದ್ದಾಗ ಮಾತ್ರ ಔಷಧಿಯ ಕೆಲಸ ಚೆನ್ನಾಗಿ ಕಂಡಿತು. ಹಳೆಯ ತಪ್ಪಿಗೂ ಥೀಸಿಸ್‌ನಲ್ಲಿ ಒಂದು ಪ್ಯಾರಾ ಕೊಟ್ಟರು, ನೆಪ ಹೇಳದೆ. ಅಷ್ಟು ಸ್ಟ್ರೇಟ್ ಆದ ಇಂಗ್ಲಿಷನ್ನು ನಾನು ಮತ್ತೆಂದೂ ಟೈಪ್ ಮಾಡಲಿಲ್ಲ.

ಹೋದ ವಾರ ಹರಿಹರಕ್ಕೆ ಹೋಗಿ ಮನೆ ಹುಡುಕಿದೆ. ಬಾಗಿಲು ತೆಗೆದದ್ದು ಅವರ ತಂಗಿ; ಥೀಸಿಸ್ ಟೈಪ್ ಮಾಡಿದವಳು ಎಂದೆ.

"ಅಕ್ಕ ತೀರಿಕೊಂಡು ಎರಡು ವರ್ಷ ಆತ್ರೀ... ನೀವೇನಾ ಟೈಪಿಂಗ್ ಅಕ್ಕ? ಕಾಲೇಜಿನಾಗೆ ಪಾಠ ಮಾಡೋವಾಗ ಕ್ಲಾಸಿನಾಗೆಲ್ಲ ನಿಮ್ಮ ಸುದ್ದಿ ಹೇಳ್ತಿದ್ಲಂತೆ. ತಪ್ಪು ನೋಡಿದ್ ತಕ್ಷಣ ಹೇಳಿಬಿಟ್ರು, ಒಂದು ನಿಮಿಷಾನೂ ಮುಚ್ಚಿಡಲಿಲ್ಲ ಅಂತ."

ಒಂದು ದಿನ ಮುಚ್ಚಿಟ್ಟಿದ್ದೆ ಎಂದು ಹೇಳಲೆಂದೇ ನಾನು ಹೋಗಿದ್ದು. ಆಕೆ ಕೊಟ್ಟ ಚಹಾ ಕುಡಿದು, ಹ್ಞೂಂ ಕಣಮ್ಮ ಎಂದು ಎದ್ದು ಬಂದೆ.